ಇಲ್ಲ ಎಂದ ಮೇಲಿನ ಮಾತು

ನಮ್ಮ ಮನೆಯಲ್ಲಿ ಬೆಳಗಿನ ಪತ್ರಿಕೆಯನ್ನು ಯಾರೂ ಸುಮ್ಮನೆ ಕೂತು ಓದಿದ್ದು ನನಗೆ ನೆನಪಿಲ್ಲ. ಅಣ್ಣ ಪಡಸಾಲೆಯಲ್ಲಿ ಚಹದ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದ. ಅವನ ಹೆಂಡತಿ ಸುಮಿತ್ರಾ ವೈನಿ ಅಡಿಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಓದಿದ ಸುದ್ದಿಗೆ ಅಣ್ಣ ತನ್ನದೊಂದು ಅಭಿಪ್ರಾಯ ಸೇರಿಸಿದ ಕೂಡಲೇ ರೊಟ್ಟಿಯ ಸಪ್ಪಳ ನಿಂತರೆ, ವೈನಿಗೆ ಅದು ಒಪ್ಪಿಗೆಯಿಲ್ಲವೆಂದು ಅರ್ಥ. ಅಲ್ಲಿಂದ ಶುರುವಾದ ವಾದ ಅಣ್ಣ ಊಟ ಮಾಡಿ, ಸೈಕಲ್ ಹತ್ತಿ ಕಚೇರಿಗೆ ಹೊರಡುವವರೆಗೂ ನಡೆಯುತ್ತಿತ್ತು. ಹೊಸದಾಗಿ ಮಾಸ್ತರಿಕೆ ಹಿಡಿದಿದ್ದ ನಾನು ಇಬ್ಬರ ನಡುವೆ ಕೂತು, ಯಾವತ್ತೂ ತೀರ್ಪು ಕೊಡದ ನ್ಯಾಯಾಧೀಶೆಯಂತೆ ಇಬ್ಬರ ಮಾತಿಗೂ ನಗುತ್ತಿದ್ದೆ.

ಧಾರವಾಡದಲ್ಲಿ ಬೆಳೆದವರಿಗೆ, ಗೆಳೆಯರೇ, ವಾದವೆಂದರೆ ಜಗಳವಲ್ಲ. ಓಣಿಗೊಬ್ಬರು ಹಾಡುವವರಿದ್ದ ಊರು ನಮ್ಮದು. ರಾಗವನ್ನು ಹೇಗೆ ತಲೆದೂಗಿ ಕೇಳುತ್ತಿದ್ದೆವೋ ಮಾತನ್ನೂ ಹಾಗೆಯೇ ಕೇಳುತ್ತಿದ್ದೆವು. ಒಳ್ಳೆಯ ಆಲಾಪಕ್ಕೆ ‘ವಾಹ್’ ಎಂದ ಬಾಯಿಂದಲೇ ಒಳ್ಳೆಯ ಮಾತಿಗೂ ‘ವಾಹ್’ ಎನ್ನುತ್ತಿದ್ದೆವು. ಆದರೆ ರಾಗಕ್ಕೆ ನಿಜ ಸುಳ್ಳು ಎಂಬುದಿಲ್ಲ, ಮಾತಿಗೆ ಇದೆ ಎಂಬುದನ್ನು ಆ ಸುಖದಲ್ಲಿ ಯಾವಾಗ ಮರೆತೆವೋ ತಿಳಿಯದು. ನಾನು ಹೇಳಹೊರಟಿರುವುದು ಆ ಮರೆವಿನಿಂದ ನಮ್ಮ ಮನೆಗೆ ಬಂದ ಗತಿಯನ್ನು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಬೇಸಗೆ, ಊರಿಗೆ ಸಿಡುಬು ಬಂತು. ಹುಬ್ಬಳ್ಳಿಯವರು ಅದು ಧಾರವಾಡದಿಂದ ಬಂತೆಂದರು, ಧಾರವಾಡದವರು ಅದು ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ಇಳಿಯಿತೆಂದರು. ಎರಡೂ ಊರುಗಳ ನಡುವಿನ ಬಸ್ಸು ಮಾತ್ರ ಎಂದಿನಂತೆ ತುಂಬಿಕೊಂಡೇ ಓಡಾಡುತ್ತಿತ್ತು. ಮನೆಮನೆಯ ಬಾಗಿಲಿಗೆ ಬೇವಿನ ತೊಪ್ಪಲು ಏರಿತು. ಸಾಲೆಗಳಿಗೆ ಬೀಗ ಬಿತ್ತು, ಸಿನೆಮಾ ನಿಂತಿತು, ವಾರದ ಸಂತೆಯನ್ನು ನಿಲ್ಲಿಸಬೇಕೋ ಬೇಡವೋ ಎಂದು ಮಾತು ಹೊರಟಿತು. ನಮ್ಮ ಕಡೆ ಸಿಡುಬಿಗೂ ದೇವಿ ಎನ್ನುತ್ತಾರೆ, ಅದು ಬಾರದಂತೆ ತೋಳಿಗೆ ಲಸಿಕೆ ಚುಚ್ಚಿಸಿಕೊಳ್ಳುವುದಕ್ಕೂ ದೇವಿ ಹಾಕಿಸಿಕೊಳ್ಳುವುದು ಎನ್ನುತ್ತಾರೆ. ರೋಗಕ್ಕೂ ಮದ್ದಿಗೂ ಒಂದೇ ಹೆಸರಿಟ್ಟವರು ಎರಡಕ್ಕೂ ಒಂದೇ ಸಮನೆ ಹೆದರಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಾಲೆಯ ಮಾಸ್ತರರೆಲ್ಲ ಹಾಕಿಸಿಕೊಳ್ಳಲೇಬೇಕಾಗಿದ್ದರಿಂದ ನಾನು ಹಾಕಿಸಿಕೊಂಡೆ. ತೋಳು ಬಾತು ಜ್ವರ ಬಂದು ಮಲಗಿದೆ. ಅಣ್ಣನ ಮಗಳು ಗೌರಿಗೆ ಅವಳು ಕೂಸಾಗಿದ್ದಾಗಲೇ ಹಾಕಿಸಿಯಾಗಿತ್ತು. ಆದರೆ ಗರಗದಲ್ಲಿ ಹುಟ್ಟಿ ಬೆಳೆದ ವೈನಿಗೆ ಹಾಕಿಸಿರಲಿಲ್ಲ. ದೇವಿ ಹಾಕುವವರು ಊರಿಗೆ ಬಂದಾಗಲೆಲ್ಲ ಅವಳ ಅಜ್ಜಿ ಅವಳನ್ನು ಕಾಳಿನ ಕಣಜದ ಹಿಂದೆ ಅಡಗಿಸಿಡುತ್ತಿದ್ದಳಂತೆ. ಅದನ್ನು ವೈನಿ ಎಷ್ಟೋ ಸಲ ನಗುತ್ತ ಹೇಳಿದ್ದಳು. ಈಗ ಅವಳು ಎರಡನೆಯ ಸಲ ಬಸುರಿ.

“ನಾ ಹಾಕಿಸ್ಕೋತೇನಿ. ಡಾಕ್ಟರ್ ಕಾಕಾ ಏನೂ ಆಗೂದಿಲ್ಲ ಅಂದಾರ,” ಎಂದಳು ಒಂದು ಬೆಳಿಗ್ಗೆ.

“ಇಂದೂನ್ನ ನೋಡು, ಹೆಂಗ ಜ್ವರದಾಗ ಬಿದ್ದಾಳ,” ಎಂದ ಅಣ್ಣ ನನ್ನ ಕಡೆ ಕೈ ತೋರಿಸಿ. “ಹೊಟ್ಟ್ಯಾಗಿನ ಕೂಸಿಗೆ ಈ ಜ್ವರ ತಡೀತೈತೇನು? ಮುಂದಿನ ವಾರ ಸಭಾ ಐತಿ. ಎರಡೂ ಕಡಿ ಮಾತ ಕೇಳಿ ನಿರ್ಣಯ ಮಾಡೂಣು.”

ಆ ಡಾಕ್ಟರ್ ಕಾಕಾ ನಮ್ಮ ಓಣಿಯ ವೈದ್ಯರು. ಓಣಿಯ ಮಕ್ಕಳೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ತೆಳ್ಳಗೆ, ಸಣ್ಣ ದನಿಯವರು. ರೋಗಿಯ ಹತ್ತಿರವೂ ಯೋಚಿಸಿ ಯೋಚಿಸಿ ಮಾತಾಡುವವರು. ಸಭೆ ಕೂಡಿದ್ದು ಬೀಗ ಬಿದ್ದಿದ್ದ ನನ್ನದೇ ಸಾಲೆಯ ಸಭಾಗೃಹದಲ್ಲಿ. ಊರ ಹೊರಗಿನ ತಗಡಿನ ಶೆಡ್ಡಿನಲ್ಲಿ ಸಿಡುಬಿನವರನ್ನು ಇಡುತ್ತಿದ್ದರು. ಅದು ಆಗಲೇ ತುಂಬಿತ್ತು. ಖಾಲಿ ಬಿದ್ದ ಈ ಸಾಲೆಯನ್ನು ಸ್ವಲ್ಪ ಕಾಲ ಆಸ್ಪತ್ರೆ ಮಾಡಬೇಕು, ಸಂತೆ ನಿಲ್ಲಿಸಬೇಕು, ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕು ಎಂದು ಹೇಳಲು ಕಾಕಾ ಬಂದಿದ್ದರು. ಬೇಡವೆನ್ನಲು ಎದ್ದವರು ಓಣಿಯ ವಕೀಲರು.

ವಕೀಲರು ಕೆಟ್ಟವರಲ್ಲ, ಇದನ್ನು ನಾನು ಈಗಲೂ ಹೇಳುತ್ತೇನೆ. ಪ್ಲೇಗು ಬಂದ ಕಾಲದಲ್ಲಿ ಅವರ ತಾಯಿಯನ್ನು ಊರ ಹೊರಗಿನ ಗುಡಿಸಲಿಗೆ ಎತ್ತಿಕೊಂಡು ಹೋಗಿದ್ದರು; ಆಕೆ ತಿರುಗಿ ಬರಲಿಲ್ಲ. ಅದನ್ನು ಹೇಳುವಾಗ ಅವರ ಕಂಠ ನಡುಗಿದ್ದು ನಾಟಕವಾಗಿರಲಿಲ್ಲ. “ಮನಿ ಮಂದೀನ್ನ ಮನಿಯಿಂದ ಅಗಲಿಸೋ ಔಷಧ ನನಗ ಬ್ಯಾಡ್ರಿ,” ಎಂದರು. “ನಾಳೆ ಇದ ಬೆಂಚಿನ ಮ್ಯಾಲೆ ನಿಮ್ಮ ಮಕ್ಕಳು ಕೂಡಬೇಕಲ್ಲರಿ?” ಎಂದರು. ಸಂತೆ ನಿಂತರೆ ದಿನದ ಸೊಪ್ಪು ಮಾರಿ ದಿನದ ಒಲೆ ಹೊತ್ತಿಸುವವರ ಗತಿಯೇನೆಂದು ಕೇಳಿದರು. ಒಂದೊಂದು ಮಾತೂ ತೂಕದ್ದೇ. ಕೊನೆಗೆ ಅವರು ಕಾಕಾ ಕಡೆ ತಿರುಗಿದರು.

“ಡಾಕ್ಟರ್ ಸಾಹೇಬ್ರ, ಒಂದ ಒಂದು ಪ್ರಶ್ನೆ. ಹೌದು ಅಥವಾ ಇಲ್ಲ, ಇಷ್ಟ ಹೇಳ್ರಿ. ದೇವಿ ಹಾಕಿಸ್ಕೊಂಡಾವ್ಗ ದೇವಿ ಬರೂದ ಇಲ್ಲಂತ ನೀವು ಖಾತ್ರಿ ಕೊಡ್ತೀರೇನು?”

ಲಸಿಕೆ ಹಾಕಿಸಿಕೊಂಡಿದ್ದ ನಮ್ಮ ಓಣಿಯ ಒಬ್ಬರಿಗೇ ಆ ವಾರ ಮೈಮೇಲೆ ಗುಳ್ಳೆ ಎದ್ದಿದ್ದು ಎಲ್ಲರಿಗೂ ಗೊತ್ತಿತ್ತು. ಕಾಕಾ ಕನ್ನಡಕ ತೆಗೆದು ಒರೆಸಿದರು.

“ಇಲ್ಲ,” ಎಂದರು.

ಸಭಾಗೃಹ ಚಪ್ಪಾಳೆಯಿಂದ ತುಂಬಿಹೋಯಿತು. ಕಾಕಾ ಮಾತು ಮುಂದುವರಿಸಿಯೇ ಇದ್ದರು. ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದ ನಮಗೆ ಕೆಲವರಿಗೆ ಮಾತ್ರ ಅದು ಕೇಳಿಸಿತು. “ಖಾತ್ರಿ ಇಲ್ಲರಿ. ಆದರ ಹಾಕಿಸ್ಕೊಂಡವರಿಗೆ ಬರೂದು ಕಡಿಮಿ, ಬಂದ್ರೂ ಹಗುರಾಗಿ ಹೋಗ್ತೈತಿ. ಹಾಕಿಸ್ಕೊಳ್ಳದವರನ್ನ ನಾ ದಿನಾ ಆ ಶೆಡ್ಡಿನ್ಯಾಗ ನೋಡಾಕತ್ತೇನಿ…” ಚಪ್ಪಾಳೆ ನಿಲ್ಲುವ ಹೊತ್ತಿಗೆ ಅವರು ಹೇಳುವುದು ಮುಗಿದಿತ್ತು. ಇನ್ನೊಮ್ಮೆ ಹೇಳಿರೆಂದು ಯಾರೂ ಕೇಳಲಿಲ್ಲ. ಗಂಡಸರ ಕಡೆ ಅಣ್ಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಒಳ್ಳೆಯ ತಾನ ಕೇಳಿದವನ ಬೆಳಕು ಅವನ ಮುಖದ ಮೇಲಿತ್ತು. ಸಾಲೆಯನ್ನು ಆಸ್ಪತ್ರೆ ಮಾಡಕೂಡದೆಂದು ಠರಾವಾಯಿತು. ಸಂತೆ ನಿಲ್ಲಲಿಲ್ಲ.

ಮನೆಗೆ ಬಂದು ನಾನು ಕೇಳಿಸಿಕೊಂಡದ್ದನ್ನೆಲ್ಲ ಹೇಳಿದೆ. “ಅವರ ಇಲ್ಲ ಅಂದ್ರಲ್ಲ,” ಎಂದ ಅಣ್ಣ, ಮೃದುವಾಗಿಯೇ. “ಖಾತ್ರಿ ಇಲ್ಲದ್ದಕ್ಕ ಬಸುರಿ ಮೈಗೆ ಯಾಕ ವಿಷಾ ಚುಚ್ಚಿಸಬೇಕು? ಹೆರಿಗಿ ಆಗ್ಲಿ, ಆಮ್ಯಾಲೆ ನೋಡೂಣು.” ವೈನಿ ಅವತ್ತು ವಾದಿಸಲಿಲ್ಲ. ಕಾಲು ಬಾತಿದ್ದವು, ಆಯಾಸವಾಗಿತ್ತು; ಗೌರಿಗೆ ಊಟ ಮಾಡಿಸಲು ಒಳಗೆ ಹೋದಳು. ಅಷ್ಟು ವರ್ಷಗಳಲ್ಲಿ ಅವಳು ಮಾತಿಲ್ಲದೆ ಬಿಟ್ಟುಕೊಟ್ಟದ್ದು ಅದೊಂದೇ ಸಲ ಇರಬೇಕು.

ಕೆಲವು ವಾರಗಳ ಮೇಲೆ ಅವಳಿಗೆ ಜ್ವರ ಬಂತು, ಬೆನ್ನು ಮುರಿಯುವಂಥ ನೋವು. ದಿನ ತುಂಬುತ್ತ ಬಂದಿದ್ದರಿಂದ ಅದೇ ಕಾರಣವೆಂದುಕೊಂಡೆವು. ಆಮೇಲೆ ಮುಖದ ಮೇಲೆ ಕೆಂಪು ಎದ್ದಿತು. ಕಾಕಾ ಬಂದವರು ಬಹಳ ಹೊತ್ತು ನೋಡಿದರು. ಕಣ್ಣಿನ ಬಿಳಿಯೊಳಗೆ ರಕ್ತ ಇಳಿದಿದ್ದನ್ನು ನೋಡಿ ಕೈ ತೊಳೆಯಲು ಹಿತ್ತಲಿಗೆ ಹೋದರು. ಅಣ್ಣ ಟಾಂಗಾ ತರಿಸಿ ಅವಳನ್ನು ಶೆಡ್ಡಿಗೆ ಒಯ್ಯಲು ಸಿದ್ಧನಾದ. ಮೊದಲು ತಾನೊಬ್ಬನೇ ಹೋಗಿ ನೋಡಿ ಬಂದ. ಅಲ್ಲಿ ಒಂದೊಂದು ಮಂಚದ ಮೇಲೆ ಇಬ್ಬಿಬ್ಬರಿದ್ದರು; ಉಳಿದವರು ಹೊರಗೆ ಗಿಡದ ನೆರಳಿನಲ್ಲಿ ಚಾಪೆಯ ಮೇಲೆ, ನೆರಳು ಸರಿದಂತೆ ತಾವೂ ಸರಿಯುತ್ತ ಮಲಗಿದ್ದರು. ಸಾಲೆಯನ್ನಾದರೂ ತೆಗೆಯಿರೆಂದು ಅಣ್ಣನೂ ಕಾಕಾ ಅವರೂ ಕೂಡಿ ಅಧಿಕಾರಿಗಳ ಹತ್ತಿರ ಹೋದರು. ಅಲ್ಲಿದ್ದವರು ಬಹಳ ಮರ್ಯಾದೆಯಿಂದಲೇ ಹೇಳಿದರಂತೆ: “ಊರ ಮಂದಿನ ಠರಾವ್ ಮಾಡ್ಯಾರಲ್ಲರಿ. ನಾವೇನು ಮಾಡೂಣು?”

ವೈನಿ ಹಿಂದಿನ ಕೋಣೆಯಲ್ಲೇ ಉಳಿದಳು. ನನಗೆ ಲಸಿಕೆಯಾಗಿದ್ದರಿಂದ ಆರೈಕೆ ನನ್ನ ಪಾಲಿಗೆ ಬಂತು. ಆ ಕಾಯಿಲೆಯ ದುಷ್ಟತನವನ್ನು ನಾನು ಪೂರ್ತಿಯಾಗಿ ಹೇಳಲಾರೆ; ಅದು ಮೈಯನ್ನು ಒಳಗಿನಿಂದ ಕರಗಿಸುತ್ತ ಬುದ್ಧಿಯನ್ನು ಮಾತ್ರ ಕೊನೆಯವರೆಗೂ ಎಚ್ಚರವಾಗಿ ಇಟ್ಟಿತ್ತು. ಬಾಳೆ ಎಲೆಯ ಮೇಲೆ ಮಲಗಿಸಿದ್ದರೂ ಮಗ್ಗುಲು ಬದಲಿಸಿದರೆ ಚರ್ಮ ಎಲೆಯ ಜೊತೆಗೇ ಬರುತ್ತಿತ್ತು. ಗೌರಿ ಬಾಗಿಲಾಚೆ ನಿಂತು ಕರೆದರೆ, ಅಳು ಕೇಳಿಸಬಾರದೆಂದು ತುಟಿ ಕಚ್ಚಿ, “ಬರ್ತೇನಿ ತಡಿ, ಕೆಲಸದಾಗ ಅದೀನಿ,” ಎನ್ನುತ್ತಿದ್ದಳು. ಕೂಸು ಹೊಟ್ಟೆಯಲ್ಲೇ ತಣ್ಣಗಾದ ದಿನ ಅವಳು ನನ್ನನ್ನು ಹತ್ತಿರ ಕರೆದಳು.

“ಇಂದೂ, ನಿಮ್ಮ ಅಣ್ಣಗ ಏನೂ ಅನಬ್ಯಾಡ. ಅವರು ಕೂಸಿನ ಸಲುವಾಗಿ ಹೆದರಿದ್ರು. ಕೆಟ್ಟದ್ದಕ್ಕಂತ ಯಾರು ಮಾಡ್ತಾರ?” ಸ್ವಲ್ಪ ಸುಧಾರಿಸಿಕೊಂಡು, “ನಾನರ ಅವತ್ತ ಜಗಳಾಡಬೇಕಿತ್ತು. ದಿನಾ ಜಗಳಾಡಾಕಿ, ಅವತ್ತ ಒಂದಿನಾ ಸಾಕಂತ ಬಿಟ್ಟೆ,” ಎಂದಳು.

ಮರುದಿನ ಮಧ್ಯಾಹ್ನ, ಹೊರಗೆ ಸುಡು ಬಿಸಿಲಿರುವಾಗ, ಅವಳು ಹೋದಳು. ಹೊರಲು ಬಂದವರು ಬೆರಳೆಣಿಕೆಯ ಮಂದಿ. ವಕೀಲರು ಬಂದಿದ್ದರು, ಹೆದರದೆ ಒಳಗೇ ಬಂದಿದ್ದರು. ಅಣ್ಣನ ಹೆಗಲ ಮೇಲೆ ಕೈಯಿಟ್ಟು ಆಡಿದ ಸಮಾಧಾನದ ಮಾತುಗಳು ಎಷ್ಟು ಚೆಂದವಾಗಿದ್ದವೆಂದರೆ, ಅವನ್ನು ಕೇಳಿ ನಾನು ಅತ್ತೆ. ಅತ್ತದ್ದಕ್ಕೆ ನನಗೇ ಸಿಟ್ಟು ಬಂತು.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಅಣ್ಣ ಕಾಕಾ ಅವರ ದವಾಖಾನೆಗೆ ಹೋದ. ನಾನೂ ಜೊತೆಗಿದ್ದೆ. ಅವನು ಕೂಡಲಿಲ್ಲ.

“ದೇವಿ ಹಾಕಿಸಿದ್ರ ಉಳೀತಿದ್ಲೇನ್ರಿ ಆಕಿ? ಇಲ್ಲಾ, ಒಂದು ಮಂಚಾದ್ರೂ ಸಿಕ್ಕಿದ್ರ? ಹೌದು ಅಥವಾ ಇಲ್ಲ, ಏನರ ಒಂದು ಹೇಳಿಬಿಡ್ರಿ, ಕಾಕಾ.”

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಕರುಣೆಯಿಂದಾದರೂ ಸುಳ್ಳು ಹೇಳುತ್ತಿದ್ದರು. “ಮಂಚ ಸಿಕ್ಕಿದ್ರೂ ಉಳಿಸೂದು ಕಠಿಣ ಇತ್ತಪಾ,” ಎಂದರು ಕಾಕಾ. “ಹಾಕಿಸಿದ್ರ… ಬಹುಶಃ ಉಳೀತಿದ್ಲು.”

“ಬಹುಶಃ ಅನ್ನೂದು ಬ್ಯಾಡ್ರಿ!”

“ನನ್ನ ಹತ್ರ ಅಷ್ಟ ಐತಿ,” ಎಂದರು ಕಾಕಾ. ಅವರ ಕಣ್ಣಲ್ಲಿ ನೀರಿತ್ತು.

ಅಣ್ಣ ಬದಲಾದ. ಎಲ್ಲದಕ್ಕೂ ಒಂದು ಅಭಿಪ್ರಾಯವಿದ್ದ ಮನುಷ್ಯನಿಗೆ ಯಾವುದರ ಬಗ್ಗೆಯೂ ಅಭಿಪ್ರಾಯ ಉಳಿಯಲಿಲ್ಲ. ಪತ್ರಿಕೆ ತರಿಸುವುದನ್ನು ಬಿಟ್ಟ. ಗೌರಿಯನ್ನು ಯಾವ ಸಾಲೆಗೆ ಹಾಕೋಣವೆಂದು ಕೇಳಿದರೆ, “ನೀನ ನೋಡು,” ಎಂದ. ಸಂಜೆ ಅವಳ ಕೈ ಹಿಡಿದು ಕೆಲಗೇರಿ ಕೆರೆಯ ಕಡೆ ನಡೆದು ಹೋಗುತ್ತಿದ್ದ. ಹೋಗುವಾಗ ಮಾತಿಲ್ಲ, ಬರುವಾಗಲೂ ಮಾತಿಲ್ಲ. ಮಾತಿನ ಮನೆಯಲ್ಲಿ ಹುಟ್ಟಿದ ಆ ಹುಡುಗಿ ಮೌನದ ಮನೆಯಲ್ಲಿ ಬೆಳೆದಳು.

ಮುಂದೊಂದು ಬೇಸಗೆಯಲ್ಲಿ ಸಿಡುಬು ಮತ್ತೆ ಬಂತು, ಅದೇ ಸಭಾಗೃಹದಲ್ಲಿ ಮತ್ತೆ ಸಭೆಯಾಯಿತು. ಅಣ್ಣ ಬರುವುದಿಲ್ಲವೆಂದುಕೊಂಡಿದ್ದೆ, ತಾನಾಗಿಯೇ ಹೊರಟು ಬಂದು ಕೊನೆಯ ಬೆಂಚಿನಲ್ಲಿ ಕೂತ. ಕಾಕಾ ಅಲ್ಲಿರಲಿಲ್ಲ. ಲಕಮನಹಳ್ಳಿಯ ಕಡೆ ಮನೆಮನೆಗೆ ಹೋಗಿ ದೇವಿ ಹಾಕುತ್ತಿದ್ದಾರೆಂದು ಯಾರೋ ಹೇಳಿದರು. ಅವರು ಇಲ್ಲವೆಂದು ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ.

ಮಾತಾಡಲು ಎದ್ದವರು ವಕೀಲರು. ಈ ಸಲ ಅವರು ಲಸಿಕೆಯ ಪರವಾಗಿದ್ದರು, ಸಾಲೆಯನ್ನು ಆಸ್ಪತ್ರೆ ಮಾಡುವುದರ ಪರವಾಗಿದ್ದರು. ಮನಸ್ಸು ಬದಲಿಸಿದ್ದು ನಿಜವಿರಬೇಕು. ಅವರ ದನಿಯಲ್ಲಿ ಕಪಟವಿರಲಿಲ್ಲ. “ನಮ್ಮ ಓಣ್ಯಾಗ ಒಬ್ಬಾಕಿ ತಾಯಿ ಇದ್ಲು,” ಎಂದು ಶುರುಮಾಡಿದರು. ಹೆಸರು ಹೇಳಲಿಲ್ಲ. ಬಾಳೆ ಎಲೆಯನ್ನು ಹೇಳಿದರು, ಬಾಗಿಲಾಚೆ ನಿಂತ ಮಗುವನ್ನು ಹೇಳಿದರು, ಹೊಟ್ಟೆಯಲ್ಲೇ ಉಳಿದ ಕೂಸನ್ನು ಹೇಳಿದರು. ಎಲ್ಲಿ ತಡೆಯಬೇಕೋ ಅಲ್ಲಿ ತಡೆದರು, ಎಲ್ಲಿ ದನಿ ತಗ್ಗಿಸಬೇಕೋ ಅಲ್ಲಿ ತಗ್ಗಿಸಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾತು ಮುಗಿದಾಗ ಗೋಡೆಗಳು ಅದುರುವಂತೆ ಚಪ್ಪಾಳೆ ಬಿತ್ತು, ಬೇಕಾದ ಠರಾವೆಲ್ಲ ಒಂದೇ ದನಿಯಲ್ಲಿ ಆಯಿತು.

ನಾನು ಸಂತೋಷಪಡಬೇಕಿತ್ತು. ಎಷ್ಟೋ ಮನೆಗಳು ಆ ಸಂಜೆಯಿಂದಾಗಿ ಉಳಿದಿರಬಹುದು. ಆದರೆ ನನ್ನೊಳಗೆ ಏನೋ ಕೊನೆಯದಾಗಿ ಆರಿಹೋಯಿತು. ಊರು ಏನನ್ನೂ ಕಲಿತಿರಲಿಲ್ಲ; ಹಾಡುವವನು ರಾಗ ಬದಲಿಸಿದ್ದ, ಊರು ತಲೆದೂಗಿತ್ತು, ಅಷ್ಟೇ. ನಾಳೆ ಇನ್ನೊಬ್ಬ ಹಾಡುವವನು ಬಂದರೆ ಮತ್ತೆ ತಲೆದೂಗುತ್ತದೆ. ಆಗ ಯಾರ ಮನೆಯ ಹಿಂದಿನ ಕೋಣೆಯಲ್ಲಿ ಯಾರು ಮಲಗಿರುತ್ತಾರೋ.

ತಿರುಗಿ ನೋಡಿದರೆ ಅಣ್ಣ ಬೆಂಚಿನಲ್ಲಿರಲಿಲ್ಲ. ಹೊರಗೆ, ಸಾಲೆಯ ಅಂಗಳದ ಗೋಡೆಗೆ ಒರಗಿ ನಿಂತಿದ್ದ. ಒಳಗಿನ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಹತ್ತಿರ ಹೋಗಿ ನಿಂತೆ. ಅವನೇ ಮಾತಾಡಿದ.

“ಇವತ್ತ ಅವರು ಹೇಳಿದ್ದು ಖರೇ ಐತಿ, ಇಂದೂ,” ಎಂದ. “ಆದರ ಅವತ್ತೂ ನನಗ ಹಿಂಗ ಅನಿಸಿತ್ತು.”