ಹಾಡಿನ ಹಿಂದೆ ಹೋಗುವ ಕೈ

ಕೊಟ್ಟೂರಿನ ಗುಲಾಮಹುಸೇನರನ್ನು ಜನ ಮಾಸ್ತರು ಎಂದು ಕರೆಯಲು ಶುರು ಮಾಡಿದ್ದು ಅವರು ಪಾಠ ಹೇಳುವುದಕ್ಕೆ ಎಷ್ಟೋ ವರ್ಷ ಮೊದಲು. ರಸಮಂಜರಿ ತಂಡದಲ್ಲಿ ಕೀಬೋರ್ಡ್ ಮುಂದೆ ಕೂತವರನ್ನು ಹಾಗೆ ಕರೆಯುವುದು ವಾಡಿಕೆ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಯಲ್ಲಿ ಗಣಪತಿ ಕೂಡಿಸಿದ ಓಣಿ, ಉರುಸು ನಡೆಸಿದ ಊರು, ಆರತಕ್ಷತೆ ಇಟ್ಟ ಮನೆ, ಎಲ್ಲ ಕಡೆ ಅವರ ಕೀಬೋರ್ಡ್ ಹೋಗಿ ಬಂದಿತ್ತು. ಆಮೇಲೆ ಡಿಜೆ ಪೆಟ್ಟಿಗೆಗಳು ಬಂದವು. ಒಂದು ಲ್ಯಾಪ್‌ಟಾಪ್, ಎದೆ ನಡುಗಿಸುವ ಸದ್ದು, ಮುಗಿಯಿತು. ತಂಡದವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಡ್ರಮ್ ಬಾರಿಸುತ್ತಿದ್ದ ಹನುಮಣ್ಣ ಕಿರಾಣಿ ಅಂಗಡಿ ಇಟ್ಟ. ಗಿರಾಕಿ ಇಲ್ಲದಾಗ ಬೆಲ್ಲದ ಡಬ್ಬಿಯ ಮೇಲೆ ಬೆರಳು ಆಡಿಸುತ್ತಾನೆ. ಮಾಸ್ತರಿಗೆ ಉಳಿದದ್ದು ಸೊಂಟನೋವು ಮತ್ತು ಎಡಗಿವಿಯಲ್ಲಿ ಸದಾ ಕೂಗುವ ಒಂದು ಸಣ್ಣ ಸೀಟಿ.

ಸಿನಿಮಾ ಹಾಡು ಅಂದರೆ ಮೂಗು ಮುರಿಯುತ್ತಿದ್ದ ವಿಶ್ವವಿದ್ಯಾಲಯವೊಂದಕ್ಕೆ ಆ ಹೊತ್ತಿಗೆ ಯಾಕೋ ಮನಸ್ಸು ತಿರುಗಿತು. ಜನಪ್ರಿಯ ಸಂಗೀತ ಎಂಬ ಡಿಪ್ಲೊಮಾ ತೆರೆದು, ಹಗರಿಬೊಮ್ಮನಹಳ್ಳಿಯಲ್ಲೊಂದು ಕೇಂದ್ರ ಮಾಡಿ, ಪಾಠ ಹೇಳುವವರು ವೇದಿಕೆಯಲ್ಲಿ ಪಳಗಿದವರೇ ಆಗಿರಬೇಕು ಎಂದು ನಿಯಮ ಹಾಕಿತು. ಕೇಂದ್ರ ನೋಡಿಕೊಳ್ಳುವ ಸಂಜೀವ ಎಂಬ ಉಪನ್ಯಾಸಕರು ಚಿಕ್ಕಂದಿನಲ್ಲಿ ಮಾಸ್ತರ ಕಾರ್ಯಕ್ರಮಗಳನ್ನು ಮುಂದಿನ ಸಾಲಿನಲ್ಲಿ ನೆಲಕ್ಕೆ ಕೂತು ಕೇಳಿದವರು. ಮನೆ ಹುಡುಕಿಕೊಂಡು ಬಂದರು.

"ಇಷ್ಟು ವರ್ಷ ಏನು ನುಡಿಸೀರಿ, ಅದನ್ನ ಹುಡುಗ್ರಿಗೆ ಕೊಡ್ರಿ ಮಾಸ್ತರ. ಅಷ್ಟ ಸಾಕು ನಮಗ" ಎಂದರು.

ಕೊಡುವುದೇನೋ ಸರಿ, ಹೇಗೆ ಕೊಡುವುದು? ಮೊದಲ ದಿನ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಂತ ಮಾಸ್ತರಿಗೆ ಒಂದು ಅಕ್ಷರವೂ ಹೊಳೆಯಲಿಲ್ಲ. ಎದುರು ಕೂತ ಹುಡುಗ ಹುಡುಗಿಯರು ಪೆನ್ನು ಬಿಚ್ಚಿಕೊಂಡು ಕಾಯುತ್ತಿದ್ದರು. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು, ಕೀಬೋರ್ಡಿಗೆ ವೈರು ಚುಚ್ಚಿ, "ಹಾಡ್ರಿ, ನಾ ಬರ್ತೀನಿ" ಅಂದರು. ಅಂದಿನಿಂದ ಅದೇ ಅವರ ಪಾಠವಾಯಿತು. ಮಕ್ಕಳಿಗೂ ಅದು ಹಿತವಾಗಿತ್ತು. ಮಾಸ್ತರು ಕೀಬೋರ್ಡಿಗೆ ಕೂತರೆ ಎಂಥವರ ದನಿಯೂ ತೂಕಕ್ಕೆ ಬರುತ್ತಿತ್ತು.

ಅದರ ಗುಟ್ಟು ಅವರ ಎಡಗೈ ಹೆಬ್ಬೆರಳಿನಲ್ಲಿತ್ತು. ರಸಮಂಜರಿಯಲ್ಲಿ ಹಾಡುವವರು ತಪ್ಪದೆ ಇರುವುದಿಲ್ಲ. ಪಲ್ಲವಿ ಚೆನ್ನಾಗಿ ಹಾಡಿ, ನಡುವಿನ ವಾದ್ಯದ ಭಾಗ ಮುಗಿದು ಚರಣ ಎತ್ತುವಾಗ ಒಂದು ಮನೆ, ಅಂದರೆ ಒಂದು ಸ್ವರದಷ್ಟು, ಮೇಲೆ ಎತ್ತಿಬಿಡುತ್ತಾರೆ. ಅಲ್ಲಿಗೆ ಹಾಡು ಒಂದು ದಾರಿ, ವಾದ್ಯ ಒಂದು ದಾರಿ. ಕೀಬೋರ್ಡಿನಲ್ಲಿ ಇಡೀ ಶ್ರುತಿಯನ್ನೇ ಏರಿಸಿ ಇಳಿಸುವ ಗುಂಡಿಯೊಂದಿರುತ್ತದೆ. ಹಾಡುವವರು ಮೊದಲ ಅಕ್ಷರ ಎತ್ತಿದ್ದೇ ತಡ, ಮಾಸ್ತರ ಹೆಬ್ಬೆರಳು ಆ ಗುಂಡಿಯನ್ನು ಒತ್ತಿ ವಾದ್ಯವನ್ನು ಅವರಿದ್ದಲ್ಲಿಗೆ ಕರೆದೊಯ್ಯುತ್ತಿತ್ತು. ಕೇಳುವ ಜನಕ್ಕೆ ಬಿಡಿ, ಹಾಡಿದವರಿಗೂ ಗೊತ್ತಾಗುತ್ತಿರಲಿಲ್ಲ. ಹಡಗಲಿಯ ಗುತ್ತಿಗೆದಾರನೊಬ್ಬ ಮಗನ ಮದುವೆಯಲ್ಲಿ ತಾನೇ ಹಾಡುತ್ತೇನೆಂದು ಹಟ ಹಿಡಿದು, ಒಂದೇ ಹಾಡಿನಲ್ಲಿ ಇದ್ದಬದ್ದ ಶ್ರುತಿಗಳನ್ನೆಲ್ಲ ಸುತ್ತಿ ಬಂದ. ಮಾಸ್ತರು ಬೆವರು ಒರೆಸಿಕೊಳ್ಳುತ್ತ ಹಿಂದೆ ಹಿಂದೆ ಹೋದರು. ಇಳಿದು ಬಂದವನು, "ಇವತ್ತು ನನ್ನ ಗಂಟಲ ಭಾಳ ಚಲೋ ಇತ್ತು ನೋಡ್ರಿ" ಅಂದ. ಮಾಸ್ತರು ಹೌದೆಂದರು. ಹಾಡುವವರ ಮಾನ ಕಾಯುವುದೇ ಆ ಕಸುಬಿನ ಧರ್ಮ. ಅದು ಪಾಠದ ಕೋಣೆಯಲ್ಲಿ ಅಧರ್ಮವಾದೀತು ಎಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ಉಜ್ಜಿನಿಯ ಪ್ರಿಯಾ ಆ ತರಗತಿಯಲ್ಲಿ ಎಲ್ಲರಿಗಿಂತ ಚೆಂದ ಹಾಡುತ್ತಿದ್ದಳು. ಅಪ್ಪ ಗಾದಿಲಿಂಗಪ್ಪ ತಾಲೂಕು ಕಚೇರಿಯಲ್ಲಿ ಜವಾನ. ಬುದ್ಧ ಪೂರ್ಣಿಮೆಗೆ, ಅಂಬೇಡ್ಕರ್ ಜಯಂತಿಗೆ ಓಣಿಯ ವೇದಿಕೆ ಹತ್ತಿ ಬೆಳೆದ ದನಿ, ಅಂಜಿಕೆ ಎಂಬುದು ಗೊತ್ತಿಲ್ಲ. ಕೊಟ್ಟೂರಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ಸೀರೆ ಮಡಚಿ ಅವಳಿಗೆ ಸಾಕಾಗಿತ್ತು. ಹಡಗಲಿ ಕಡೆಯ ಒಂದು ವಸತಿ ಶಾಲೆಗೆ ಸಂಗೀತದ ಟೀಚರು ಬೇಕಾಗಿದ್ದರು. ಮುಖ್ಯೋಪಾಧ್ಯಾಯಿನಿ ಅವಳ ಹಾಡು ಕೇಳಿ ಮೆಚ್ಚಿ, ಈ ಬೇಸಿಗೆಯೊಳಗೆ ಡಿಪ್ಲೊಮಾ ಪಾಸಾಗಿ ಬಂದರೆ ಕೆಲಸ ನಿನ್ನದೇ ಎಂದಿದ್ದರು. ಪ್ರಿಯಾ ಹಗಲೂ ರಾತ್ರಿ ಅದನ್ನೇ ಜಪಿಸುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ ಸಂಜೀವ ಒಂದು ಮಧ್ಯಾಹ್ನ ಮೆಟ್ಟಿಲ ಹತ್ತಿರ ಮಾಸ್ತರನ್ನು ನಿಲ್ಲಿಸಿದರು.

"ಈ ಸಲ ಪ್ರಾಕ್ಟಿಕಲ್‌ಗೆ ಟ್ರ್ಯಾಕ್ ಹಚ್ಚಿ ಹಾಡಸ್ತಾರಂತ್ರಿ. ಹೊರಗಿನವರು ಬರ್ತಾರ. ಕಲಿಸಿದವರು ನುಡಿಸೋ ಹಂಗಿಲ್ಲ."

"ಟ್ರ್ಯಾಕ್ ಯಾರಿಗೂ ಕಾಯಂಗಿಲ್ಲಲ್ರಿ ಸರ್."

"ಅದಕ ಅಲ್ರಿ ಪರೀಕ್ಷೆ ಅನ್ನೋದು" ಎಂದು ಸಂಜೀವ ನಕ್ಕು ಹೋದರು.

ಮಾಸ್ತರು ನಗಲಿಲ್ಲ. ದನಿಯಿಲ್ಲದೆ ವಾದ್ಯವಷ್ಟೇ ಮುದ್ರಿಸಿಟ್ಟ ಆ ಟ್ರ್ಯಾಕಿನ ಹೆಸರು ಕೇಳಿದರೇ ಅವರಿಗೆ ಆಗದು. ತಂಡದ ಅನ್ನ ಕಿತ್ತುಕೊಂಡ ಪದಾರ್ಥವನ್ನು ತರಗತಿಯೊಳಗೆ ಬಿಟ್ಟಿರಲಿಲ್ಲ. ಆದರೆ ಆಗ ಅವರ ತಲೆಯಲ್ಲಿ ಓಡಿದ್ದು ಅದಲ್ಲ. ಪ್ರಿಯಾ ಚರಣ ಎತ್ತುವಾಗ ತಮ್ಮ ಹೆಬ್ಬೆರಳು ಏನು ಮಾಡುತ್ತಿತ್ತು ಎಂಬುದನ್ನು ಅವರು ಮೊದಲ ಸಲ ನೆನೆದರು. ಪ್ರತಿ ಸಲವೂ ಅದು ಒತ್ತುತ್ತಿತ್ತು. ಎರಡು ವರ್ಷ ಆ ಹುಡುಗಿ ಒಂದು ಮನೆ ಏರುತ್ತಲೇ ಬಂದಿದ್ದಳು, ಇವರು ಒಂದು ಮನೆ ಏರಿಸುತ್ತಲೇ ಬಂದಿದ್ದರು. ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಂತರು. ಮೇಲಿನ ಕೋಣೆಯಿಂದ ಅವಳು ಗಂಟಲು ಸರಿಮಾಡಿಕೊಳ್ಳುವುದು ಕೇಳುತ್ತಿತ್ತು.

ಅವತ್ತು ನೋಡೇಬಿಡೋಣ ಎಂದು ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಲಗೈಯಲ್ಲಷ್ಟೇ ನುಡಿಸಿದರು. ಪಲ್ಲವಿ ದಾಟಿತು. ಚರಣಕ್ಕೆ ಬಂದಳು, ಏರಿದಳು. ವಾದ್ಯಕ್ಕೂ ದನಿಗೂ ತಾಳೆ ತಪ್ಪಿ, ಅವಳ ಹುಬ್ಬು ಗಂಟಿಕ್ಕಿತು. ಏನೋ ಕಳೆದುಹೋದವಳಂತೆ ಅವರ ಕಡೆ ನೋಡಿದಳು. ಆ ನೋಟವನ್ನು ಮಾಸ್ತರು ಎಷ್ಟೋ ವೇದಿಕೆಗಳ ಮೇಲೆ ಕಂಡಿದ್ದರು. ಅವರು ಬೇಡ ಬೇಡ ಎನ್ನುತ್ತಿದ್ದಂತೆಯೇ ಎಡಗೈ ಎದ್ದು ಹೋಗಿ ಗುಂಡಿ ಒತ್ತಿತ್ತು. ಪ್ರಿಯಾಳ ಮುಖ ಅರಳಿತು, ಹಾಡು ಮುಂದೆ ಸಾಗಿತು.

ಮನೆಗೆ ಬಂದು ಹೆಂಡತಿ ರಹಿಮತ್ ಬೀಗೆ ಹೇಳಿದರು. ಗಂಡಹೆಂಡಿರ ಮಾತೆಲ್ಲ ಉರ್ದುವಿನಲ್ಲಿ. ಆಕೆಗೆ ಬೇಸರವಾದರೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದಳು. ಅವತ್ತು ಹೊರಳಿದಳು.

"ಹೇಳಿಬಿಡ್ರಿ ಆ ಹುಡುಗಿಗೆ. ನಿಮ್ಮ ಕೈಲಿ ಒಬ್ರ ತಪ್ಪು ಒಬ್ರಿಗೆ ಹೇಳಾಕ ಆಗಂಗಿಲ್ಲ. ಹೆತ್ತ ಮಗ ಇಸ್ರಾರನ್ನೂ ಹಂಗ ಬೆಳಸಿದ್ರಿ. ಅವನು ಬೀಳೋದರಾಗ ನೀವು ಕೈ ಚಾಚತಿದ್ರಿ. ಗ್ಯಾರೇಜಿನಾಗ ಅವರಿವರು ಬೈದ ಮ್ಯಾಲೆ ಕೆಲಸ ಕಲತಾನ."

"ನಾಳೆ ಹೇಳ್ತೀನಿ" ಎಂದು ಮಾಸ್ತರು ಗೋಡೆಗೆ ಒರಗಿದರು. ಅವರಿಗೆ ದಣಿವಾಗಿತ್ತು. ಬಸ್ಸಿನ ದಣಿವಲ್ಲ, ಮೆಟ್ಟಿಲಿನದೂ ಅಲ್ಲ. ಜೀವನವಿಡೀ ಯಾವುದನ್ನು ಕೈಗುಣ ಅಂದುಕೊಂಡಿದ್ದರೋ ಅದನ್ನು ಈ ವಯಸ್ಸಿನಲ್ಲಿ ಕೈಯಿಂದ ಬಿಡಿಸಬೇಕಾಗಿತ್ತು.

ಮರುದಿನ ಹೇಳುವ ಅವಕಾಶ ತಾನಾಗಿಯೇ ಒದಗಿತು. ತರಗತಿ ಮುಗಿದ ಮೇಲೆ ಪ್ರಿಯಾ ಹಿಂದುಳಿದಳು.

"ಸರ್, ಮನ್ಯಾಗ ಮೊಬೈಲಿನಾಗ ಟ್ರ್ಯಾಕ್ ಹಚ್ಚಿ ಹಾಡಿದೆ. ಚರಣಕ್ಕ ಯಾಕೋ ಕೂಡ್ರಂಗಿಲ್ಲರಿ. ಸ್ಪೀಕರ್ ಕೆಟ್ಟೈತಿ ಅನಸ್ತೈತಿ."

ಮಾಸ್ತರು ಬಾಯಿ ತೆರೆದರು. ಅವಳು ನಗುತ್ತಿದ್ದಳು. ವಸತಿ ಶಾಲೆಯವರು ಫೋನ್ ಮಾಡಿದ್ದರೆಂದೂ, ಅವ್ವ ಮಾರೆಮ್ಮ ಆಗಲೇ ಓಣಿಗೆಲ್ಲ ಸಕ್ಕರೆ ಹಂಚಿದ್ದಾಳೆಂದೂ ಹೇಳಿ, ಕಾಗದದಲ್ಲಿ ಸುತ್ತಿದ ಒಂದಿಷ್ಟು ಕೊಬ್ಬರಿ ಸಕ್ಕರೆಯನ್ನು ಅವರ ಕೈಗಿಟ್ಟಳು.

"ಹೂಂ, ಮೊಬೈಲಿನದು ಹಂಗ ಇರ್ತೈತಿ" ಎಂದರು ಮಾಸ್ತರು.

ಬಾಯಿಂದ ಮಾತು ಬಿದ್ದಾಗಲೇ ಅವರಿಗೆ ತಮ್ಮ ಮೇಲೆ ಹೇಸಿಕೆಯಾಯಿತು. ಮತ್ತೆ ಒಂದು ಗುಂಡಿ ಒತ್ತಿದ್ದರು. ಆ ಸಕ್ಕರೆಯನ್ನು ತಿನ್ನಲಾಗದೆ ಜೇಬಿನಲ್ಲಿಟ್ಟುಕೊಂಡು ಬಂದು ಮನೆಯ ಗೂಡಿನಲ್ಲಿಟ್ಟರು. ಇರುವೆಗಳಿಗಾಯಿತು.

ಪರೀಕ್ಷೆಯ ದಿನ ಕಲಿಸಿದವರು ಒಳಗೆ ಬರುವಂತಿರಲಿಲ್ಲ. ಮಾಸ್ತರು ವರಾಂಡದ ಬೆಂಚಿನ ಮೇಲೆ ಕೂತರು. ಮೂರು ಜನ ಹಾಡಿ ಬಂದರು, ದೊಡ್ಡ ಗಾಯವಿಲ್ಲದೆ. ಆಮೇಲೆ ಪ್ರಿಯಾಳ ದನಿ ಕೇಳಿತು. ಹಳೆಯ ಚಿತ್ರಗೀತೆ, ಅವಳಿಗೆ ನೀರು ಕುಡಿದಷ್ಟು ಸಲೀಸು. ಪಲ್ಲವಿ ಮುಗಿಯಿತು. ಟ್ರ್ಯಾಕಿನಲ್ಲಿ ಪಿಟೀಲುಗಳು ಬಂದವು, ಕೊಳಲು ಬಂದಿತು. ಮಾಸ್ತರು ಕಣ್ಣು ಮುಚ್ಚಿ ಅಲ್ಲಾಹನನ್ನು ನೆನೆದರು. ಅವಳು ಏರಿದಳು. ಬೆಂಚಿನ ಅಂಚಿನ ಮೇಲೆ ಅವರ ಹೆಬ್ಬೆರಳು ಒತ್ತುತ್ತಿತ್ತು, ಒತ್ತುತ್ತಲೇ ಇತ್ತು. ಹಲಗೆಗೆ ಏನು ತಿಳಿದೀತು? ಟ್ರ್ಯಾಕು ತನ್ನ ಪಾಡಿಗೆ ಹೋಯಿತು.

ಒಳಗೆ ಹಾಡು ನಿಂತಿತು. ಪರೀಕ್ಷೆ ಮಾಡುವ ಹೆಂಗಸು ಒಳ್ಳೆಯವರೇ ಇರಬೇಕು, ಮತ್ತೊಮ್ಮೆ ಹಾಡಲು ಬಿಟ್ಟರು. ಮತ್ತೆ ಅದೇ ತಿರುವು, ಅದೇ ಎಡವು. "ಸಾಕಮ್ಮ" ಎಂಬ ಮೆಲುದನಿ ಮಾಸ್ತರಿಗೆ ಎಡಗಿವಿಯ ಸೀಟಿಯನ್ನು ದಾಟಿ ಕೇಳಿಸಿತು.

ಹೊತ್ತು ಇಳಿಯುವಾಗ ಸಂಜೀವ ಪಕ್ಕಕ್ಕೆ ಕರೆದು, "ಪ್ರಿಯಾಂದು ಆಗಂಗಿಲ್ರಿ ಮಾಸ್ತರ. ಮುಂದಿನ ಸಲ ಕಟ್ಟಬೇಕು" ಅಂದರು. ಮುಂದಿನ ಸಲದ ಹೊತ್ತಿಗೆ ವಸತಿ ಶಾಲೆಯಲ್ಲಿ ಬೇರೊಬ್ಬರು ಪಾಠ ಹೇಳುತ್ತಿರುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಪ್ರಿಯಾ ಕೆಳಗೆ ಬೇವಿನ ಗಿಡದ ನೆರಳಲ್ಲಿ ನಿಂತಿದ್ದಳು. ಅತ್ತು ಮುಖ ತೊಳೆದುಕೊಂಡಿದ್ದಳು.

"ಟ್ರ್ಯಾಕ್ ಸರಿ ಇದ್ದಿಲ್ಲ ಸರ್. ಚರಣಕ್ಕ ಬರೋದರಾಗ ಕೆಳಗ ಇಳೀತು. ನಿಮ್ಮ ಕೀಬೋರ್ಡಿನಾಗ ಒಮ್ಮಿನೂ ಹಂಗ ಆಗಿಲ್ಲ. ನೀವು ಆ ಮೇಡಮ್ಮರಿಗೆ ಒಂದು ಮಾತು ಹೇಳ್ರಿ."

ಇನ್ನು ಒತ್ತಲು ಗುಂಡಿ ಉಳಿದಿರಲಿಲ್ಲ.

"ಟ್ರ್ಯಾಕ್ ಇಳೀಲಿಲ್ಲವ್ವ. ನೀ ಏರಿದಿ. ನೀ ಯಾವಾಗ್ಲೂ ಏರ್ತಿ. ನಾ ನಿನ್ನ ಹಿಂದ ಬರ್ತಿದ್ದೆ, ಅದಕ ಗೊತ್ತಾಗ್ತಿದ್ದಿಲ್ಲ."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮಾಸ್ತರು ಎಡಗೈ ಎತ್ತಿ ಹೆಬ್ಬೆರಳು ಒತ್ತುವುದನ್ನು ಗಾಳಿಯಲ್ಲಿ ತೋರಿಸಿದರು. ಅದನ್ನು ಅವಳು ಎರಡು ವರ್ಷ ಕಂಡಿದ್ದಳು. ಅದೇನೋ ನುಡಿಸುವ ರೀತಿ ಎಂದುಕೊಂಡಿದ್ದಳು.

"ದಿನಾನೂ ಏನ್ರಿ?"

"ಹೂಂ."

"ಮತ್ತ ನನ್ನ ತಪ್ಪು ನನಗ ಹೇಳಾಕ ನಿಮಗೇನು ಕಷ್ಟ ಆಗಿತ್ರಿ?"

"ಹೇಳೋದು ನಮ್ಮ ಕೆಲಸ ಆಗಿದ್ದಿಲ್ಲವ್ವ. ಮುಚ್ಚೋದು ಆಗಿತ್ತು. ನನಗ ಬರೋದು ಅದೊಂದ" ಎಂದರು ಮಾಸ್ತರು.

ಪ್ರಿಯಾ ಚೀಲ ಎತ್ತಿಕೊಂಡು ಹೊರಟಳು. ಇಬ್ಬರೂ ಹೋಗಬೇಕಾದ್ದು ಒಂದೇ ಕೊಟ್ಟೂರು ಬಸ್ಸಿಗೆ. ಅವಳು ಮುಂದೆ ಹತ್ತಿ ಕಿಟಕಿಯ ಪಕ್ಕ ಕೂತಳು, ಮಾಸ್ತರು ಹಿಂದೆ ಹೋಗಿ ಕೂತರು. ಸೀಟುಗಳೆಲ್ಲ ಖಾಲಿ ಇದ್ದವು. ನಾಳೆಯಿಂದ ಬರುವುದಿಲ್ಲವೆಂದು ಸಂಜೀವರಿಗೆ ಹೇಳಿಬಿಡಬೇಕು ಎಂದು ಮಾಸ್ತರು ನಿರ್ಧಾರ ಮಾಡಿದರು. ಹಾಗೆ ಅಂದುಕೊಂಡ ಕೂಡಲೇ ಮೈ ಹಗುರವಾಯಿತು, ಮರುಗಳಿಗೆ ಆ ಹಗುರಕ್ಕೂ ನಾಚಿಕೆಯಾಯಿತು. ಹೊರಗೆ ಮೆಕ್ಕೆಜೋಳ ಕೊಯ್ದ ಹೊಲಗಳು ಹಿಂದೆ ಹೋಗುತ್ತಿದ್ದವು.

ಅರ್ಧ ದಾರಿ ಕಳೆದಿರಬೇಕು. ಪ್ರಿಯಾ ಎದ್ದು ಕಂಬಿ ಹಿಡಿದುಕೊಳ್ಳುತ್ತ ಹಿಂದೆ ಬಂದು ಅವರ ಮುಂದಿನ ಸೀಟಿನಲ್ಲಿ ಕೂತಳು. ಮುಖದ ಸಿಟ್ಟು ಇಳಿದಿರಲಿಲ್ಲ.

"ಕೈ ಕಟ್ಕೊಂಡು ಕೂಡ್ರಿ" ಎಂದಳು.

ಮಾಸ್ತರು ಎರಡೂ ಕೈಗಳನ್ನು ಕಂಕುಳಲ್ಲಿ ಇರುಕಿಕೊಂಡರು. ಅವಳು ಮುಂದಕ್ಕೆ ತಿರುಗಿ ಸಣ್ಣ ದನಿಯಲ್ಲಿ ಪಲ್ಲವಿ ಹಾಡಿದಳು, ನಡುವಿನ ಪಿಟೀಲು ಕೊಳಲುಗಳನ್ನು ಬಾಯಲ್ಲೇ ಗುನುಗಿದಳು, ಚರಣ ಎತ್ತಿದಳು. ಎತ್ತಿ ತಾನಾಗಿಯೇ ನಿಲ್ಲಿಸಿದಳು.

"ಏರಿತ್ರಿ?"

ಮಾಸ್ತರಿಗೆ ಚೆನ್ನಾಗಿತ್ತು ಎನ್ನಬೇಕೆನಿಸಿತು. ನಾಲಿಗೆಯ ತುದಿಯ ತನಕ ಬಂದಿತ್ತು.

"ಏರಿತವ್ವ" ಎಂದರು.

"ಮತ್ತ ಕೇಳ್ರಿ."

ಕೊಟ್ಟೂರು ಬರುವ ತನಕ ಅವಳು ಹಾಡಿದಳು, ಅವರು ಏರಿತು ಎಂದರು. ಒಂದು ಸಲವೂ ಸರಿ ಕೂಡಲಿಲ್ಲ. ಬಸ್ಸು ನಿಂತಾಗ ಪ್ರಿಯಾ ಚೀಲ ಹೆಗಲಿಗೇರಿಸಿಕೊಂಡು, "ನಾಳೆ ಟ್ರ್ಯಾಕ್ ತರ್ತೀನಿ. ನೀವು ಕೀಬೋರ್ಡ್ ತಗೀಬ್ಯಾಡ್ರಿ" ಎಂದು ಉಜ್ಜಿನಿ ಬಸ್ಸಿನ ಕಡೆ ನಡೆದಳು. ಮಾಸ್ತರು ಕಂಕುಳಿಂದ ಕೈ ತೆಗೆದರು. ಎಡಗೈ ಜೋಮು ಹಿಡಿದಿತ್ತು.