ಸಿದ್ದರಾಯನ ಸಣ್ಣ ಲಾರಿ

ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೋದಿನಸಾಬ ಸ್ಟೋವು, ಟಾರ್ಚು ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಅವನ ಜೀವ ಇದ್ದದ್ದು ಮಾತ್ರ ಸಣ್ಣ ಗಾಡಿಗಳಲ್ಲಿ. ಮುಂಬಯಿಯಿಂದ ಬರುವ ಎರಕದ ಆಟದ ಗಾಡಿಗಳ ಬಣ್ಣ ಕೆರೆದು, ಸೀಸ ಕಾಯಿಸಿ ಮೂತಿ ಬದಲಿಸಿ, ಒಡೆದ ಸಾಬೂನು ಡಬ್ಬಿಯ ತಿಳಿ ಪ್ಲಾಸ್ಟಿಕ್ಕಿನಿಂದ ಗಾಜು ಕೂರಿಸಿ, ಊರಿನವರ ಗಾಡಿಗಳನ್ನೇ ಅಂಗೈ ಮೇಲೆ ನಿಲ್ಲಿಸುತ್ತಿದ್ದ. ಸೊಟ್ಟ ಬಂಪರು ಸೊಟ್ಟವಾಗಿಯೇ ಬರಬೇಕು.

"ಸಾವಕಾರ್ರ ಜೀಪಿನ ಡೊಂಕ ಒಂದೀಟ ನೆಟ್ಟಗ ಮಾಡಬಾರದೇನ್ರಿ?" ಎಂದು ಹೆಂಡತಿ ಜೈತುನಬಿ ಛೇಡಿಸುವಳು.

"ನೆಟ್ಟಗ ಮಾಡಿದ್ರ ಅವರ ಜೀಪ ಹೆಂಗಾಗ್ತೈತಿ? ನಿನ್ನ ಮೂಗ ನೆಟ್ಟಗ ಮಾಡಿ ಕುಂದರಿಸಿದ್ರ ನಾ ನಿನ್ನ ಗುರ್ತ ಹಿಡಿತೇನೇನು?"

ಎಪ್ಪತ್ತೈದರ ಮಳೆಗಾಲದಲ್ಲಿ ತಾಳಿಕೋಟಿಯ ಹತ್ತಿರ ಡೋಣಿ ಹೊಳೆ ಸಿದ್ದರಾಯನ ತೊಗರಿ ಲಾರಿಯನ್ನು ಎಳೆದುಕೊಂಡು ಹೋಯಿತು. ನೀರಿಳಿದ ಮೇಲೆ ಲಾರಿ ಸಿಕ್ಕಿತು, ಸಿದ್ದರಾಯ ಸಿಗಲಿಲ್ಲ. ದೀಪಾವಳಿ ಕಳೆದರೂ ಅವನ ಹೆಂಡತಿ ರೇವವ್ವ ಕೈಬಳೆ ತೆಗೆಯಲಿಲ್ಲ. ಹೊತ್ತುಹೊತ್ತಿಗೆ ಅವನ ತಾಟು ಹಚ್ಚುವಳು, ಆರಿದ ಅನ್ನವನ್ನು ಎಮ್ಮೆಗೆ ಹಾಕುವಳು. ಕಡೆಗೆ ಮಠದ ಚನ್ನಬಸಯ್ಯನವರು ಅವಳನ್ನು ಮೋದಿನಸಾಬನ ಅಂಗಡಿಗೆ ಕರೆತಂದರು.

"ಅವನ ಲಾರಿಯೊಳಗ ಅವನ್ನ ಕುಂದರಿಸಿ ಕೊಡು, ಸಾಬಾ. ನಮ್ಮ ಮಂದ್ಯಾಗ ಸತ್ತವರನ್ನ ಕುಂದರಿಸೇ ಮಣ್ಣ ಮಾಡತೇವಿ. ಹೆಣ ಇಲ್ಲ, ಅವನ ಗುರ್ತಾದ್ರೂ ಮಣ್ಣಾಗಲಿ. ಈಕಿಗೂ ಒಂದ ಬಿಡುಗಡಿ."

"ನೋಡಿ ಅವರ ಹೌದ ಅನಿಸಿದ್ರ ಅಷ್ಟ, ಕಾಕಾ," ಎಂದಳು ರೇವವ್ವ. "ಇಲ್ಲಂದ್ರ ನಾ ಬಳಿ ತಗಿಯಂಗಿಲ್ಲ."

ಅವಳು ಹೇಳುತ್ತ ಹೋದಳು, ಅವನು ತಿದ್ದುತ್ತ ಹೋದ. ಹಸಿರು ಕ್ಯಾಬಿನ್ನು, ಸೀಳಿದ ಮಡ್‌ಗಾರ್ಡು, ಡ್ರೈವರ್ ಸೀಟಿನಲ್ಲಿ ಕೂತ ಸೀಸದ ಆಳಿನ ಇಳಿದ ಎಡ ಭುಜ. ಗಾಜುಗಳನ್ನು ಅಂಟಿಸಿ ಮುಗಿಸಿದ ಮರುದಿನ ನೋಡಿದರೆ, ಡ್ರೈವರ್ ಬದಿಯ ಗಾಜಿಗೆ ಒಳಗಿನಿಂದ ಮಬ್ಬು ಕವಿದಿತ್ತು.

ಅಂಟು ಆರಿಲ್ಲ ಎಂದುಕೊಂಡು ಅವನು ಗಾಡಿಯನ್ನು ಬಿಸಿಲಿಗಿಟ್ಟ. ಸೀಸ ಸುಡುವಷ್ಟು ಕಾಯಿತು, ಮಬ್ಬು ಆರಲಿಲ್ಲ. ಬಗ್ಗಿ ನೋಡಿದ. ಆಳಿನ ಬಾಯಿಯ ಎದುರಿಗೆ ಮಬ್ಬು ಹರಡುತ್ತಿತ್ತು, ಕುಗ್ಗುತ್ತಿತ್ತು, ಮತ್ತೆ ಹರಡುತ್ತಿತ್ತು. ಜೈತುನಬಿಯನ್ನು ಕರೆದು ತೋರಿಸಿದ.

"ಬಾಯಿ ಮುಂದ ಕನ್ನಡಿ ಹಿಡದಂಗ ಐತಲ್ರಿ!" ಎಂದವಳೇ ಅವಳು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಗಾಜು ಕಿತ್ತು ಒರೆಸಿ, ಏನೂ ಅರಿಯದವನಂತೆ ಇದ್ದುಬಿಡಲೇ ಎಂದು ಅವನಿಗೆ ಅನಿಸಿತು. ಇದನ್ನು ಕಂಡರೆ ರೇವವ್ವ ಗಂಡನ ದಾರಿ ಕಾಯುವ ಹೊಸ್ತಿಲು ಬಿಟ್ಟು ಏಳುವವಳಲ್ಲ. ಆದರೆ ಕೈ ಏಳಲಿಲ್ಲ. ಬಾಯಿ ತನ್ನಷ್ಟಕ್ಕೆ ತಾನೇ ಅಲ್ಲಾಹನ ಹೆಸರು ಹೇಳುತ್ತಿತ್ತು. ಅಷ್ಟರಲ್ಲಿ ಅವರಿಬ್ಬರೂ ಬಂದೇಬಿಟ್ಟರು.

ಚನ್ನಬಸಯ್ಯನವರು ನೋಡಿ, "ಅಂಟ ಹಸಿ ಇರಬೇಕ... ಹಸಿ," ಎನ್ನುತ್ತ ಹಿಂದೆ ಸರಿದರು. ರೇವವ್ವ ಮಾತ್ರ ಹೆದರಲಿಲ್ಲ. ಲಾರಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು.

"ಅವರ ಹೌದು. ಒಳಗ ಕುಂತ ಚಡಪಡಸಾಕತ್ತಾರ. ಕಾಕಾ, ಗ್ಲಾಸ ತಗೀರಿ."

"ತಗದ್ರ ಆ ಉಸರು ಹೋಗ್ತೈತಿ, ತಂಗಿ. ಆಮ್ಯಾಗ ನನ್ನ ಬೈಬ್ಯಾಡ."

"ಹೋಗಲಿ. ದಿನಾ ತಾಟ ಹಚ್ಚಿ ನಾನ ಹಿಡದ ಕುಂದರಿಸೇನಿ. ಇಳೀಲಿ ಅವರು."

ಮೋದಿನಸಾಬ ಕತ್ತಿಯ ತುದಿಯಿಂದ ಗಾಜನ್ನು ಎಬ್ಬಿಸಿದ. ಮಣಿಕಟ್ಟಿಗೆ ತಣ್ಣಗೆ ಏನೋ ಸೋಕಿ ಹೋಯಿತು. ಆ ಒಣ ಬಿಸಿಲಿನಲ್ಲಿ ಅಂಗಡಿ ತುಂಬ ಹೊಳೆಯ ರಾಡಿಯ ವಾಸನೆ ಹರಡಿತು. ಕಿತ್ತ ಗಾಜಿನ ಮೇಲಿನ ಮಬ್ಬು ಅಂಚಿನಿಂದ ಕುಗ್ಗುತ್ತ ಬಂದು ಇಲ್ಲವಾಯಿತು. ಒಳಗೆ ಸೀಸದ ಆಳು ಬರೀ ಸೀಸವಾಗಿ ಕುಳಿತಿತ್ತು.

ರೇವವ್ವ ಕಿವಿಯನ್ನು ಆ ಪುಟ್ಟ ಬಾಗಿಲಿಗೆ ಹಚ್ಚಿ ಆಲಿಸಿದಳು. ಆಮೇಲೆ ಬಳೆಗಳನ್ನು ಒಡೆಯಲು ಯಾರಿಗೂ ಕೊಡದೆ, ಒಂದೊಂದಾಗಿ ತಾನೇ ಕೈಯಿಂದ ಜಾರಿಸಿ ಹಲಗೆಯ ಮೇಲಿಟ್ಟಳು. ಲಾರಿಯನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಳು.

"ನಡ್ರಿ ಅಯ್ಯನವರ. ಕುಣಿ ತೋಡಿಸ್ರಿ."

ಅವಳು ಮುಂದೆ ನಡೆದಳು. ಮೋದಿನಸಾಬ ಬಾಗಿಲಲ್ಲಿ ನಿಂತು ನೋಡಿದ. ಚನ್ನಬಸಯ್ಯನವರು ಓಣಿ ತಿರುಗುವವರೆಗೂ ಅವಳನ್ನು ಕೂಡಿಕೊಳ್ಳಲಿಲ್ಲ. ನಡುವೆ ಒಬ್ಬ ಆಳು ನಡೆಯುವಷ್ಟು ಜಾಗ ಬಿಟ್ಟು ಹಿಂದೆ ಹಿಂದೆ ಹೋದರು.