ಹೆಲ್ಮೆಟ್ಟಿನ ಮೇಲೊಂದು ಬಾಸಿಂಗ

ಬಸವಕಲ್ಯಾಣದ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಹಾಲಿನವನು ಬಂದಿಲ್ಲ. ಆಮ್ರಪಾಲಿ ಆಗಲೇ ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೆ ಬೋರಲು ಹಾಕಿದ ಮಣ್ಣಿನ ಗಡಿಗೆ, ಅದರ ಮೇಲೆ ಕುಂಕುಮಗೆಂಪು ಹೆಲ್ಮೆಟ್ಟು. ಎಡಗೈ ಗಡಿಗೆಯನ್ನು ನಿಧಾನಕ್ಕೆ ತಿರುಗಿಸುತ್ತದೆ, ಬಲಗೈಯ ಕುಂಚ ಇದ್ದಲ್ಲೇ ಇರುತ್ತದೆ. ಹೆಲ್ಮೆಟ್ಟೇ ಬಂದು ಕುಂಚಕ್ಕೆ ತಾಗಿ, ಒಂದರ ಪಕ್ಕ ಒಂದು ಮುತ್ತು ಪೋಣಿಸಿಕೊಂಡು ಹೋಗುತ್ತದೆ. ನೋಡುವವರಿಗೆ ಉಸಿರು ಬಿಡಲೂ ಹೆದರಿಕೆ. ಆಕೆಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ.

"ಯಾಕ ನಿಂತೀರಿ, ಬರ್ರಿ, ಕುಂಡ್ರಿ. ಮಾತಾಡಿದ್ರ ನನ್ನ ಕೈ ನಡಗಂಗಿಲ್ರಿ. ಸುಮ್ಮನಿದ್ರೇ ನಡಗತದ," ಎನ್ನುತ್ತಾರೆ ತಲೆ ಎತ್ತದೆ.

ಇವತ್ತು ಕೈ ನಡುಗಲು ಕಾರಣವೂ ಇದೆ. ಹತ್ತು ಗಂಟೆಯೊಳಗೆ ಈ ಹೆಲ್ಮೆಟ್ಟು ಹುಮನಾಬಾದ್ ತಾಲ್ಲೂಕಿನ ಹುಡಗಿ ಗ್ರಾಮ ಮುಟ್ಟಬೇಕು. ಅಲ್ಲಿ ಇವತ್ತಿನ ಮದುಮಗಳು ಸಾಕ್ಷಿಯ ಮನೆ. ಸಾಕ್ಷಿ ಪಶುಸಖಿ. ಕುರಿ, ಆಡುಗಳಿಗೆ ಔಷಧಿ ಹಿಡಿದು ದೊಡ್ಡಿಯಿಂದ ದೊಡ್ಡಿಗೆ ಸ್ಕೂಟರಿನಲ್ಲಿ ತಿರುಗುವುದು ಅವಳ ಕೆಲಸ. ಹುಮನಾಬಾದಿನ ಕಲ್ಯಾಣ ಮಂಟಪಕ್ಕೂ ತನ್ನ ಸ್ಕೂಟರನ್ನು ತಾನೇ ಓಡಿಸಿಕೊಂಡು ಹೋಗಬೇಕೆಂದು ಪಟ್ಟು ಹಿಡಿದಿದ್ದಾಳೆ. ಹೈವೇ ಮೇಲೆ ಹೆಲ್ಮೆಟ್ ಇಲ್ಲದೆ ಬಿಡುವುದಿಲ್ಲ ಎಂದವರು ತಂದೆ ಓಂಪ್ರಕಾಶ. ಹಣೆಗೆ ಬಾಸಿಂಗ ಕಟ್ಟದೆ ಮದುಮಗಳು ಹೊಸ್ತಿಲು ದಾಟುವಂತಿಲ್ಲ ಎಂದವರು ಅಜ್ಜಿ ಸಖುಬಾಯಿ. ಜರಿ, ಮುತ್ತು, ಬೇಗಡೆಯ ಆ ಅಗಲ ಬಾಸಿಂಗ ಹೆಲ್ಮೆಟ್ಟಿನೊಳಗೆ ಹೇಗೆ ಹಿಡಿದೀತು? ಹತ್ತು ದಿನದ ಹಿಂದೆ ಸಾಕ್ಷಿ ಇದೇ ಅಂಗಳಕ್ಕೆ ಬಂದು, "ಅಕ್ಕಾ, ಬಾಸಿಂಗಾನೇ ಹೆಲ್ಮೆಟ್ ಮ್ಯಾಲ ಬರದುಕೊಡ್ರಿ," ಎಂದಳು. ಬರೆದದ್ದನ್ನು ಅಜ್ಜಿ ಬಾಸಿಂಗವೆಂದು ಒಪ್ಪಿದರೆ ಸ್ಕೂಟರ್. ಒಪ್ಪದಿದ್ದರೆ ಹೂವು ಹಚ್ಚಿದ ಬಾಡಿಗೆ ಕಾರಿನ ಹಿಂದಿನ ಸೀಟು. ಮದುಮಗಳ ಆಸೆ ಪೂರಾ ಈಗ ಆಮ್ರಪಾಲಿಯ ಕುಂಚದ ತುದಿಯಲ್ಲಿದೆ.

ಮೂವತ್ತಾರರ ಆಮ್ರಪಾಲಿಗೆ ಚಿತ್ರ ಕಲಿಸಿದ ಗುರು ಯಾರೂ ಇಲ್ಲ. ಎತ್ತುಗಳಿವೆ. ತವರೂರು ಮಂಠಾಳದಲ್ಲಿ ಅಪ್ಪ, ಅವ್ವ ಬೇರೆಯವರ ಹೊಲಕ್ಕೆ ಕೂಲಿ ಹೋಗುತ್ತಿದ್ದರು. ಎತ್ತುಗಳನ್ನು ಸಿಂಗರಿಸುವ ಪೋಳಾ ಹಬ್ಬ ಬಂದರೆ ಗೌಡರ ಮನೆಯ ಹನ್ನೆರಡು ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವುದು ಮಗಳ ಪಾಲು. ಕೊಂಬು ಡೊಂಕು, ಎತ್ತು ತುಂಟ, ನೊಣ ಕೂತರೆ ತಲೆ ಒದರುತ್ತದೆ. ಅಂಥದ್ದರಲ್ಲೂ ಗೀಟು ಕದಲದಂತೆ ಎಳೆಯುವುದನ್ನು ಒಂಬತ್ತನೇ ವಯಸ್ಸಿಗೇ ಕಲಿತರು. "ಎತ್ತು ಹಾಯ್ತಿತ್ರಿ, ಒದೀತಿತ್ರಿ. ಹೆಲ್ಮೆಟ್ ಪಾಪ, ಸುಮ್ನ ಕುಂಡ್ರತದ. ಇದರಾಗೇನ ಕಷ್ಟ ಅದ ಹೇಳ್ರಿ?" ಎಂದು ನಗುತ್ತಾರೆ.

ಹೆಲ್ಮೆಟ್ಟಿನ ನಂಟು ಶುರುವಾದದ್ದು ಗಂಡ ಕಪಿಲನಿಂದ. ಆತನಿಗೆ ಹೆಲ್ಮೆಟ್ ಎಂದರೆ ಬೈಕಿನ ಕನ್ನಡಿಗೆ ನೇತುಹಾಕುವ ಒಡವೆ. ಬೈದರೂ ಇಲ್ಲ, ಅತ್ತರೂ ಇಲ್ಲ. ಒಂದು ಭಾನುವಾರ ಹೆಂಡತಿ ಅದರ ಮೇಲೆ ಹುಲಿ ಬರೆದರು. ಹುಲಿ ಬೆಕ್ಕಿನ ಹಾಗಿತ್ತು ಎಂದು ಅವರೇ ಒಪ್ಪುತ್ತಾರೆ. ಆದರೆ ಬೆಕ್ಕನ್ನು ಊರಿಗೆಲ್ಲ ತೋರಿಸುವ ಉಮೇದಿನಲ್ಲಿ ಕಪಿಲ ಹೆಲ್ಮೆಟ್ಟನ್ನು ತಲೆಯಿಂದ ಇಳಿಸುವುದನ್ನೇ ಬಿಟ್ಟ. ಅದನ್ನು ಕಂಡ ಹೆಲ್ಮೆಟ್ ಅಂಗಡಿಯ ಮುಷರಫ್ ವಾರದೊಳಗೆ ಐದು ಖಾಲಿ ಹೆಲ್ಮೆಟ್ ತಂದು ಮನೆ ಬಾಗಿಲಲ್ಲಿಟ್ಟರು.

ಐದೂ ಹಾಳಾದವು! ಕೊಂಬಿಗೆ ಹಿಂದಿನ ರಾತ್ರಿ ಎಣ್ಣೆ ತಿಕ್ಕಿ, ಮರುದಿನ ಒರೆಸಿ ಬಣ್ಣ ಹಚ್ಚುವುದು ಮಂಠಾಳದ ಪದ್ಧತಿ. ಆಮ್ರಪಾಲಿ ಹೆಲ್ಮೆಟ್ಟಿಗೂ ಭಕ್ತಿಯಿಂದ ಎಣ್ಣೆ ತಿಕ್ಕಿದರು. ನಾರಾಯಣಪುರದ ಗುಲಾಮ್ ರಸೂಲ್ ನವಿಲಿನ ಹೆಲ್ಮೆಟ್ ಹಾಕಿಕೊಂಡು ಮೊದಲ ಮಳೆಯಲ್ಲಿ ಹೊರಟವರು, ಅರ್ಧ ದಾರಿಯಿಂದಲೇ ತಿರುಗಿ ಬಂದರು. ನವಿಲು ಪೊರೆಯಂತೆ ಕಳಚಿ ಅವರ ಭುಜದ ಮೇಲೆ ಅಂಟಿಕೊಂಡಿತ್ತು. "ಅಕ್ಕಾ, ನಿಮ್ಮ ನವಿಲು ಹಾರಿ ಹೋಯ್ತು ನೋಡ್ರಿ," ಎಂದರಂತೆ. "ಕೊಂಬು ಎಣ್ಣಿ ಕುಡೀತದ್ರಿ, ಹೆಲ್ಮೆಟ್ ಕುಡಿಯಂಗಿಲ್ಲ. ಅದು ನನಗ ತಿಳೀಲಿಲ್ಲ," ಎನ್ನುತ್ತಾರೆ ಆಮ್ರಪಾಲಿ. ಈಗ ಎಣ್ಣೆ ಇಲ್ಲ, ಪ್ಲಾಸ್ಟಿಕ್ ತಿನ್ನುವ ಥಿನ್ನರೂ ಇಲ್ಲ. ಸೋಪಿನ ನೀರಿನಲ್ಲಿ ತೊಳೆದು ಮೂರು ಪದರ ಬಣ್ಣ, ಮೇಲೊಂದು ಪದರ ವಾರ್ನಿಶ್. ಐಎಸ್‌ಐ ಗುರುತಿನ ಮೇಲೆ ಒಂದು ಹನಿಯೂ ಬೀಳುವಂತಿಲ್ಲ. ಗುಲಾಮ್ ರಸೂಲ್ ಈಗ ಮೂರನೇ ನವಿಲಿನ ಮಾಲೀಕರು.

ಬೆಳಗಿನ ನಾಲ್ಕೂವರೆಗೆ ಏಳುವುದು, ವಾರಕ್ಕೆ ನಾಲ್ಕೈದು ಹೆಲ್ಮೆಟ್, ಮಳೆಗಾಲದಲ್ಲಿ ಒಂದಾದರೆ ಪುಣ್ಯ. ಆರು ವರ್ಷದಲ್ಲಿ ಸಾವಿರದ ನೂರು ದಾಟಿವೆ. ಕುತ್ತಿಗೆ ನೋವು ಬಿಟ್ಟು ಹೋಗುವುದಿಲ್ಲ, ಬಲಗಣ್ಣು ಸಂಜೆಗೆ ನೀರಾಡುತ್ತದೆ. ಹೆಂಗಸು ಹುಲಿ ಬರೆಯುತ್ತಾಳೆಂದರೆ ನಂಬದೆ, ಬರೆದವನನ್ನು ಕರೆಯಿರಿ ಎಂದು ಅಂಗಳದಲ್ಲೇ ಜಗಳ ತೆಗೆದ ಗಿರಾಕಿಗಳಿದ್ದಾರೆ. ಆದರೆ ಕಲ್ಯಾಣದ ರಸ್ತೆಗಳಲ್ಲಿ ಇಂದು ಹುಲಿ, ನವಿಲು, ನೀಲಿ ಚಕ್ರ, ಮಕ್ಕಳ ಹೆಸರುಗಳು ತಲೆಯ ಮೇಲೆ ಕೂತು ಓಡಾಡುತ್ತಿವೆ. "ಪೊಲೀಸರಿಗೆ ಹೆದರಿ ಹಾಕ್ಕೊಳ್ಳದವರು ಅಕ್ಕಾನ ಹುಲಿ ಸಲುವಾಗಿ ಹಾಕ್ಕೋತಾರ," ಎನ್ನುತ್ತಾರೆ ಮುಷರಫ್.

ಎಂಟರ ಬಸ್ಸು ಹತ್ತಿ ಆಮ್ರಪಾಲಿ ಹೊರಡುತ್ತಾರೆ. ಹೆಲ್ಮೆಟ್ಟು ಮಗುವಿನಂತೆ ತೊಡೆಯ ಮೇಲೆ, ಬಣ್ಣದ ಚೀಲ ಕಾಲ ಸಂದಿಯಲ್ಲಿ. ಕಂಡಕ್ಟರ್ ಬಂದು ನೋಡಿ, ಟಿಕೆಟ್ ಹರಿಯುವುದನ್ನೇ ಮರೆತು ನಿಲ್ಲುತ್ತಾರೆ.

ಹುಡಗಿಯಲ್ಲಿ ಮನೆ ಮುಂದಿನ ಹಂದರ ತುಂಬ ಜನ. ಹಸಿರು ಸೀರೆಯ ಸಾಕ್ಷಿ ಉಗುರು ಕಚ್ಚುತ್ತ ನಿಂತಿದ್ದಾಳೆ. ಹೆಲ್ಮೆಟ್ಟು ನೇರ ಸಖುಬಾಯಿಯ ಮಡಿಲು ಸೇರುತ್ತದೆ. ಅಜ್ಜಿಯ ಕಣ್ಣು ಮಂಜು, ಬೆರಳಿನಿಂದಲೇ ಓದುತ್ತಾರೆ. ಉಬ್ಬಿದ ಮುತ್ತುಗಳು, ನಡುವಿನ ಕಳಸ, ಎರಡೂ ಬದಿಯ ಗಿಳಿಗಳು. "ಗಿಳಿ ಬರೋಬ್ಬರಿ ಅವ," ಎಂಬ ಮಾತು ಹೊರಬಿದ್ದಾಗ ಹಂದರಕ್ಕೇ ಜೀವ ಬರುತ್ತದೆ. ಬೆರಳು ದಾರದ ಗುಂಟ ಹಿಂದಕ್ಕೆ ಸರಿದು, ತಟ್ಟನೆ ನಿಲ್ಲುತ್ತದೆ.

"ಏ ತಂಗಿ, ಇದೇನ? ಗಂಟು ನೀನೇ ಹಾಕಿಬಿಟ್ಟೀಯೇನ?"

ಆಮ್ರಪಾಲಿಗೆ ಅರ್ಥವಾಗುವುದಿಲ್ಲ. ಹೆಲ್ಮೆಟ್ಟಿನ ಹಿಂಬದಿ ಎರಡೂ ದಾರ ಕೂಡುವಲ್ಲಿ ಚೆಂದದ ಗಂಟೊಂದನ್ನು ಅವರು ಬರೆದಿದ್ದಾರೆ. ಅದರ ಮೇಲೆಯೇ ಎರಡು ದಿನ ಕೂತಿದ್ದರು.

"ಬಾಸಿಂಗದ ಗಂಟು ಸೋದರಮಾವ ಹಾಕಬೇಕು. ಅದು ಅವನ ಹಕ್ಕು. ಬ್ಯಾರೆಯವರು ಕಟ್ಟಿದ್ದನ್ನ ನನ್ನ ಮೊಮ್ಮಗಳಿಗೆ ಹ್ಯಾಂಗ ಹಾಕಲಿ?"

ಸಾಕ್ಷಿಯ ಕಣ್ಣು ತುಂಬುತ್ತದೆ. ಓಂಪ್ರಕಾಶ ಕಾರಿನ ಡ್ರೈವರನ ಕಡೆ ನೋಡುತ್ತಾರೆ. ಆಮ್ರಪಾಲಿ ಮಾತ್ರ ಅಜ್ಜಿಯ ಎದುರು ನೆಲದ ಮೇಲೆ ಕೂರುತ್ತಾರೆ. "ತಪ್ಪಾತ್ರಿ ಆಯಿ. ನಮ್ಮ ಮದುವಿಯೊಳಗ ಬಾಸಿಂಗ ಇರಂಗಿಲ್ರಿ. ಬುದ್ಧವಂದನಾ ಮಾಡಿ ಹಾರ ಹಾಕ್ಕೋತೇವಿ. ಗಂಟು ಯಾರು ಕಟ್ತಾರಂತ ನನಗ ಗೊತ್ತಿದ್ದಿಲ್ಲ. ಪ್ಯಾಟ್ಯಾಗಿಂದ ಒಂದು ಬಾಸಿಂಗ ತಂದು ನನ್ನ ತಲಿಗೇ ಕಟ್ಟಿಸ್ಕೊಂಡು, ಹಿಂದಿನ ಫೋಟೋ ತಗಸಿ ಬರದೆ."

"ನಿನಗ್ಯಾರು ಕಟ್ಟಿದ್ರು?"

"ನನ್ನ ಗಂಡ್ರಿ."

ಹೆಂಗಸರ ಗುಂಪಿನಲ್ಲಿ ಮೊದಲು ಕಿಸಕ್ಕೆಂದವರು ಯಾರೋ, ಆಮೇಲೆ ನಗು ತಡೆದವರಿಲ್ಲ. ಅಜ್ಜಿಯ ಮೀಸೆಯಡಿಯೂ ನಗು. ಹೌದು, ಎಂಬತ್ತರ ಸಖುಬಾಯಿಗೆ ನಾಲ್ಕು ಕೂದಲಿನ ಮೀಸೆಯಿದೆ, ಅದರ ಬಗ್ಗೆ ಬಿಗುಮಾನವೇನೂ ಇಲ್ಲ. ಆ ನಗು ಮುಗಿಯುವುದರೊಳಗೆ ಆಮ್ರಪಾಲಿ ಚೀಲ ಬಿಚ್ಚಿ, ಎರಡು ದಿನದ ಗಂಟಿನ ಮೇಲೆ ಕೆಂಪು ಬಳಿದೇ ಬಿಡುತ್ತಾರೆ. ಹೆಲ್ಮೆಟ್ಟನ್ನು ಬಿಸಿಲಿಗಿಟ್ಟು, "ಮಾಮಾನ್ನ ಕರೀರಿ," ಎನ್ನುತ್ತಾರೆ.

ಸೋದರಮಾವ ಪಂಡರಿ ಕುರಿ ಕಾಯುವವರು. ಬಣ್ಣ ಒಣಗುವ ಕಾಲು ಗಂಟೆ ಪೂರ್ತಿ ಧೋತರಕ್ಕೆ ಕೈ ಒರೆಸುತ್ತಲೇ ಇದ್ದಾರೆ. "ನಾ ಕುರಿ ಉಣ್ಣಿ ಕತ್ತರಿಸಾಂವ. ಪಾಟಿ ಮ್ಯಾಲ ಸೈತ ಬರದಿಲ್ಲ," ಎಂದು ಗೋಗರೆಯುತ್ತಾರೆ. ಆಮ್ರಪಾಲಿ ಕುಂಚಕ್ಕೆ ಚಿನ್ನದ ಬಣ್ಣ ಅದ್ದಿ ಕೊಡುತ್ತಾರೆ. "ಬರೀಬ್ಯಾಡ್ರಿ ಮಾಮಾ. ಕಟ್ರಿ."

ಪಂಡರಿ ಉಸಿರು ಬಿಗಿಹಿಡಿದು ಕಟ್ಟುತ್ತಾರೆ. ಒಂದು ಸುತ್ತು, ಅದರ ಮೇಲೆ ಇನ್ನೊಂದು, ಒಂದು ತುದಿ ಗಿಡ್ಡ, ಒಂದು ಉದ್ದ. ಗಂಟು ಥೇಟ್ ಕುರಿ ಹಗ್ಗದ ಗಂಟಿನಂತೆ ಸೊಟ್ಟಗಿದೆ. ಸಖುಬಾಯಿ ಬೆರಳಾಡಿಸಿ, ಬೆರಳಿಗೆ ಹತ್ತಿದ ಚಿನ್ನವನ್ನು ಮೊಮ್ಮಗಳ ಗಲ್ಲಕ್ಕೆ ಹಚ್ಚಿ, ಹೆಲ್ಮೆಟ್ಟಿಗೂ ಸೇರಿಸಿ ನಿವಾಳಿಸುತ್ತಾರೆ.

"ಏಳು ಮಗಳ, ಗಾಡಿ ಚಾಲೂ ಮಾಡು!"

ಹಲಗೆ ಬಡಿತದ ಸದ್ದು ಸಿಡಿಯುತ್ತದೆ. ಸಾಕ್ಷಿ ಸೆರಗು ಸೊಂಟಕ್ಕೆ ಬಿಗಿದು ಸ್ಕೂಟರ್ ಹತ್ತುತ್ತಾಳೆ, ಹಿಂದೆ ಹನ್ನೆರಡು ಬೈಕು, ಕೊನೆಗೆ ಅಜ್ಜಿ ಒಬ್ಬರೇ ಕೂತ ಹೂವಿನ ಕಾರು. ಇಡೀ ಊರು ಕೇಕೆ ಹಾಕುತ್ತಾ ರಸ್ತೆವರೆಗೆ ಓಡುತ್ತದೆ, ಜೊತೆಗೆ ಆಮ್ರಪಾಲಿಯೂ. ಆ ಸೊಟ್ಟ ಗಂಟನ್ನು ತುಸು ತಿದ್ದಬಹುದಿತ್ತಲ್ಲ ಎಂದು ಯಾರೋ ಕೇಳಿದರೆ, ಏದುಸಿರಿನಲ್ಲೇ ಕೈಯಾಡಿಸುತ್ತಾರೆ.

"ಛೇ, ಛೇ. ಅದು ಮಾಮಾನ ಗಂಟ್ರಿ, ನಾ ಯಾಕ ಮುಟ್ಟಲಿ? ಇನ್ನ ಮುಂದ ಯಾರಾರ ಬಾಸಿಂಗದ ಹೆಲ್ಮೆಟ್ ಕೇಳಿದ್ರ, ಗಂಟಿನ ಜಾಗ ಖಾಲಿ ಬಿಟ್ಟೇ ಕೊಡ್ತೇನಿ. ಜೋಡಿ ಒಂದು ಬ್ರಷ್‌ನೂ ಕೊಡ್ತೇನ್ರಿ."